ಹಿಡಿಕೆ ಕೈಗೇ ಬಂದಾಗ: ಮನೆ ಮಾರುವ ಮೊದಲು ಮಾಡಬೇಕಾದ ಚಿಲ್ಲರೆ ಕೆಲಸಗಳು

(ಮನೆ ಮಾರಲು ಹೊರಟವರಿಗಾಗಿ ನಡೆದ ಒಂದು ಸಂಜೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಮಾನ ಹೋದ ಕತೆ ಹೇಳಿಬಿಡುತ್ತೇನೆ. ನಮ್ಮ ಹಳೇ ಮನೆ ಮಾರಲು ಇಟ್ಟಾಗ ಮೊದಲು ನೋಡಲು ಬಂದವರು ಗಂಡ ಹೆಂಡತಿ ಇಬ್ಬರು. ಹಾಲ್ ನೋಡಿದರು, ಮುಖ ಅರಳಿತು. ರೂಮಿನ ಕಿಟಕಿ ತೆಗೆದು ಗಾಳಿ ಚೆನ್ನಾಗಿದೆ ಅಂದರು. ಮಂಚ ಎಲ್ಲಿ ಹಾಕಬಹುದು ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಆಕೆ ಬಚ್ಚಲುಮನೆ ಬಾಗಿಲು ಎಳೆದರು. ಹಿಡಿಕೆ ಕೈಗೇ ಬಂತು.

ಆ ಹಿಡಿಕೆ ಸಡಿಲವಾಗಿ ಮೂರು ವರ್ಷ ಆಗಿತ್ತು. ಸ್ವಲ್ಪ ಮೇಲಕ್ಕೆ ಎತ್ತಿ, ಎಡಕ್ಕೆ ಒತ್ತಿ, ಆಮೇಲೆ ಎಳೆಯಬೇಕು ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಬಂದವರಿಗೆ ಹೇಗೆ ಗೊತ್ತಾಗಬೇಕು? ಆಕೆ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ನಕ್ಕರು. ಆದರೆ ಅಲ್ಲಿಂದ ಮುಂದೆ ಅವರು ಮನೆ ನೋಡುವ ರೀತಿಯೇ ಬೇರೆ ಆಯಿತು. ಗಂಡ ಗೋಡೆ ತಟ್ಟಿ ನೋಡಿದ. ಎಲ್ಲ ನಲ್ಲಿಗಳನ್ನೂ ತಿರುಗಿಸಿದ. ಫೋನಿನ ಟಾರ್ಚ್ ಹಾಕಿಕೊಂಡು ಸಿಂಕಿನ ಕೆಳಗೆ ಬಗ್ಗಿದ. ಮಂಚದ ಮಾತು ಮತ್ತೆ ಬರಲಿಲ್ಲ. "ಯೋಚನೆ ಮಾಡಿ ಹೇಳುತ್ತೇವೆ" ಅಂದು ಹೋದರು. ಇವತ್ತಿಗೂ ಯೋಚನೆ ಮಾಡುತ್ತಲೇ ಇದ್ದಾರೆ.

ಒಂದು ಸ್ಕ್ರೂ, ಅಷ್ಟೇ.

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಅನ್ನುತ್ತೇವಲ್ಲ, ಮನೆ ಕೊಳ್ಳುವವರೂ ಅದನ್ನೇ ಮಾಡುತ್ತಾರೆ. ಅವರಿಗೆ ಸಿಗುವುದು ಅರ್ಧ ಗಂಟೆ. ಗೋಡೆಯೊಳಗಿನ ಪೈಪ್ ಕಾಣುವುದಿಲ್ಲ, ವೈರಿಂಗ್ ಕಾಣುವುದಿಲ್ಲ, ಪಾಯ ಕಾಣುವುದಿಲ್ಲ. ಕಾಣುವುದು ಹಿಡಿಕೆ, ನಲ್ಲಿ, ಸ್ವಿಚ್ಚು. ಇವನ್ನೇ ನೋಡಿಕೊಳ್ಳದವರು ಕಾಣದ್ದನ್ನು ನೋಡಿಕೊಂಡಿರುತ್ತಾರಾ ಅನ್ನುವುದು ಅವರ ಲೆಕ್ಕ. ತಪ್ಪು ಲೆಕ್ಕವೂ ಅಲ್ಲ ಬಿಡಿ.

ಇದಕ್ಕೆ ಒಂದು ಒಳ್ಳೇ ಅರ್ಥಶಾಸ್ತ್ರದ ಬೆಂಬಲವೂ ಇದೆ. 1970ರಲ್ಲಿ ಅಮೆರಿಕದ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಮಾರಾಟವನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಂದು ಲೇಖನ ಬರೆದರು. ಕಾರಿನ ನಿಜ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಕೆಟ್ಟ ಕಾರೇ ಇರಬಹುದು ಅನ್ನುವ ಭಯವನ್ನೂ ಸೇರಿಸಿ ಕಡಿಮೆ ಬೆಲೆ ಕೇಳುತ್ತಾನೆ. ಒಳ್ಳೇ ಕಾರು ಇಟ್ಟುಕೊಂಡವನಿಗೂ ಅದರಿಂದ ಪೆಟ್ಟು. ಈ ವಿಚಾರಕ್ಕೇ ಅವರಿಗೆ 2001ರಲ್ಲಿ ನೊಬೆಲ್ ಬಂತು, ಇನ್ನಿಬ್ಬರ ಜೊತೆ. ಮನೆ ವಿಷಯದಲ್ಲೂ ಹೀಗೇ. ಕೊಳ್ಳುವವರು ಅನುಮಾನಕ್ಕೆ ಒಂದು ಬೆಲೆ ಕಟ್ಟಿ ನಿಮ್ಮ ಬೆಲೆಯಿಂದ ಕಳೆಯುತ್ತಾರೆ. ರಿಪೇರಿಗೆ ನಿಜವಾಗಿ ಆಗುವ ಖರ್ಚಿಗಿಂತ ಅದು ಬಹಳ ಸಲ ಜಾಸ್ತಿ. ಹಾಗಾಗಿ ಇವತ್ತು ನಾನು ಹೇಳುವ ಕೆಲಸಗಳನ್ನೆಲ್ಲ ಒಂದೇ ಪ್ರಶ್ನೆಯಿಂದ ಅಳೆಯಿರಿ: ಇದು ಬಂದವರ ಅನುಮಾನ ತೆಗೆಯುತ್ತದಾ?

ಮೊದಲ ಕೆಲಸಕ್ಕೆ ಕಾಸು ಬೇಡ. ಒಂದು ಹಾಳೆ, ಪೆನ್ಸಿಲ್ ಹಿಡಿದು ಗೇಟಿನ ಹೊರಗೆ ಹೋಗಿ ನಿಲ್ಲಿ. ಅಲ್ಲಿಂದ ಹೊಸಬರ ಹಾಗೆ ಒಳಗೆ ಬನ್ನಿ. ಬೆಲ್ ಒತ್ತಿ. ಪ್ರತಿ ಬಾಗಿಲು, ಪ್ರತಿ ಡ್ರಾಯರ್ ತೆಗೆದು ಮುಚ್ಚಿ. ಪ್ರತಿ ಸ್ವಿಚ್ ಹಾಕಿ ಆರಿಸಿ. ಅಂಟಿದ್ದು, ಕಿರ್ ಅಂದದ್ದು, ಅಲ್ಲಾಡಿದ್ದು ಎಲ್ಲ ಬರೆದುಕೊಳ್ಳಿ. ಚೊಕ್ಕವಾಗಿದೆ ಅಂದುಕೊಂಡ ಮನೆಯಲ್ಲೂ ಮೂವತ್ತು ನಲವತ್ತು ಸಾಲು ಆಗುತ್ತದೆ, ಗಾಬರಿ ಆಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ಒಂದು ಸ್ಕ್ರೂಡ್ರೈವರಿನಲ್ಲಿ ಮುಗಿಯುತ್ತದೆ.

ಸ್ಕ್ರೂ ತಿರುಗಿಸಿದರೂ ಬಿಗಿ ಆಗದೆ ಸುಮ್ನೆ ಸುತ್ತುತ್ತಿದ್ದರೆ ಮರದ ತೂತು ಸವೆದಿದೆ ಅಂತ. ನನ್ನ ಹಿಡಿಕೆಯದ್ದೂ ಅದೇ ಕಾಯಿಲೆ. ಸ್ಕ್ರೂ ಪೂರ್ತಿ ಬಿಚ್ಚಿ. ಎರಡು ಮೂರು ಬೆಂಕಿಕಡ್ಡಿಗಳ ಮದ್ದಿನ ತಲೆ ಮುರಿದು, ಕಡ್ಡಿಗೆ ಮರದ ಅಂಟು ಸವರಿ, ತೂತಿನೊಳಗೆ ತುರುಕಿ. ಹೊರಗೆ ಚಾಚಿದ್ದನ್ನು ಕತ್ತರಿಸಿ. ಒಂದು ರಾತ್ರಿ ಬಿಟ್ಟು ಮತ್ತೆ ಅದೇ ಸ್ಕ್ರೂ ಹಾಕಿ. ಹಲ್ಲು ಕಚ್ಚಿ ಹಿಡಿಯುತ್ತದೆ. ಬಾಗಿಲು ಚೌಕಟ್ಟಿಗೆ ತಾಗುತ್ತಿದ್ದರೂ ತಕ್ಷಣ ಮರ ಹೆರೆಸಬೇಡಿ. ಮೊದಲು ಮೇಲಿನ ಕೀಲಿನ ಸ್ಕ್ರೂ ನೋಡಿ. ಬಾಗಿಲಿನ ಭಾರ ಅದನ್ನೇ ಎಳೆಯುವುದು. ಅದು ಸಡಿಲವಾದರೆ ಬಾಗಿಲು ಓರೆಯಾಗಿ, ಹಿಡಿಕೆಯ ಕಡೆ ತಾಗುತ್ತದೆ.

ನಿಮ್ಮ ಕೈಯಲ್ಲಿ ಆಗದ ಒಂದು ಪರೀಕ್ಷೆ ಇದೆ. ವಾಸನೆಯದ್ದು. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ನಮ್ಮ ಮನೆ ವಾಸನೆ ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಮುಲಾಜಿಲ್ಲದೆ ಮಾತಾಡುವ ಒಬ್ಬ ಸ್ನೇಹಿತರನ್ನು ಕರೆಸಿ, ಬಾಗಿಲು ತೆಗೆದ ತಕ್ಷಣ ಏನು ಅನ್ನಿಸಿತು ಅಂತ ಕೇಳಿ. ಮುಗ್ಗಲು ಅಂದರೆ ಎಲ್ಲೋ ತೇವ ಇದೆ. ಚರಂಡಿ ವಾಸನೆ ಅಂದರೆ ಬಳಸದ ಬಚ್ಚಲು ಯಾವುದು ನೋಡಿ. ನೆಲದ ಜಾಲರಿಯ ಕೆಳಗೆ ಪೈಪಿಗೆ ಒಂದು ಬಾಗು ಇರುತ್ತದೆ. ಅಲ್ಲಿ ಸುಮಾರು 50 ಮಿ.ಮೀ. ನೀರು ಸದಾ ನಿಂತಿರಬೇಕು. ಚರಂಡಿ ಗಾಳಿ ಮೇಲೆ ಬರದಂತೆ ತಡೆಯುವ ಮುಚ್ಚಳ ಆ ನೀರೇ. ಕೆಲವು ವಾರ ಬಳಸದಿದ್ದರೆ ನೀರು ಆರಿಹೋಗುತ್ತದೆ, ಗಾಳಿ ಮೇಲೆ ಬರುತ್ತದೆ. ಎರಡು ಚೊಂಬು ನೀರು ಸುರಿದರೆ ಕೆಲಸ ಮುಗಿಯಿತು. ಮನೆ ಖಾಲಿ ಬಿದ್ದಿದ್ದರೆ ಆ ನೀರಿನ ಮೇಲೆ ಎರಡು ಚಮಚ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ಇಷ್ಟು ಅಗ್ಗದ ರಿಪೇರಿ ಇನ್ನೊಂದು ನನಗೆ ಗೊತ್ತಿಲ್ಲ.

ಈಗ ತೇವದ ವಿಷಯ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದೂ ಇಲ್ಲೇ, ಸಿಕ್ಕಿಬೀಳುವುದೂ ಇಲ್ಲೇ.

ಗೋಡೆಯ ಮೂಲೆಯಲ್ಲಿ ಬಣ್ಣ ಉಬ್ಬಿದೆ, ಕೆರೆದರೆ ಬಿಳಿ ಪುಡಿ ಉದುರುತ್ತದೆ. ಆ ಪುಡಿ ಉಪ್ಪು. ಇಟ್ಟಿಗೆ, ಗಾರೆಯೊಳಗೆ ಹರಿದ ನೀರು ಅಲ್ಲಿನ ಲವಣವನ್ನು ಕರಗಿಸಿಕೊಂಡು ಗೋಡೆಯ ಮುಖಕ್ಕೆ ಬರುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದರ ಮೇಲೆ ಎಷ್ಟು ಒಳ್ಳೇ ಬಣ್ಣ ಹೊಡೆದರೂ ನಿಲ್ಲುವುದಿಲ್ಲ, ಕೆಲವೇ ವಾರಗಳಲ್ಲಿ ಮತ್ತೆ ಉಬ್ಬುತ್ತದೆ. ಕೊಳ್ಳುವವರು ಎರಡನೇ ಸಲ ನೋಡಲು ಬರುವುದು ಸರಿಯಾಗಿ ಆಗಲೇ.

ಹಾಗಾಗಿ ಮೊದಲು ನೀರು ಎಲ್ಲಿಂದ ಅಂತ ಹುಡುಕಬೇಕು. ಒಂದು ಅಡಿ ಅಗಲ, ಒಂದು ಅಡಿ ಉದ್ದದ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಅನುಮಾನ ಇರುವ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಗೋಡೆ ಕಡೆ ನೀರಿನ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹಾಳೆಯ ಮೇಲೆ, ಕೋಣೆ ಕಡೆ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಎರಡನೆಯದಕ್ಕೆ ಔಷಧಿ ಕಿಟಕಿ ತೆಗೆಯುವುದು, ಬಚ್ಚಲಿನ ಫ್ಯಾನ್ ಹಾಕುವುದು, ಗೋಡೆಗೆ ಅಂಟಿಕೊಂಡ ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆಯುವುದು.

ಮೊದಲನೆಯದಕ್ಕೂ ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಮಳೆನೀರಿನ ಪೈಪಿನ ಜೋಡಣೆ ಬಿಟ್ಟಿರುತ್ತದೆ. ತಾರಸಿಯ ನೀರು ಹೋಗುವ ಬಾಯಿಗೆ ಎಲೆ ಕಟ್ಟಿಕೊಂಡಿರುತ್ತದೆ. ಕಿಟಕಿ ಚೌಕಟ್ಟಿನ ಸುತ್ತ ಸೀಲೆಂಟ್ ಒಣಗಿ ಸೀಳಿರುತ್ತದೆ. ಇಲ್ಲಾ ಹೊರಗಡೆ ಗಿಡಕ್ಕೆ ಅಂತ ಹಾಕಿದ ಮಣ್ಣು ಗೋಡೆಗೆ ಒರಗಿ ಏರಿರುತ್ತದೆ. ಈ ಕೊನೆಯದನ್ನು ಯಾರೂ ಗಮನಿಸುವುದಿಲ್ಲ. ನೆಲದ ನೀರು ಮೇಲೇರದಂತೆ ಗೋಡೆಯ ಬುಡದಲ್ಲಿ ಒಂದು ತಡೆಪದರ ಹಾಕಿರುತ್ತಾರೆ. ಮಣ್ಣು ಅದಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಮಣ್ಣು ಅದನ್ನು ದಾಟಿ ಏರಿದರೆ ನೀರು ನೇರವಾಗಿ ಮೇಲಿನ ಇಟ್ಟಿಗೆಗೆ ಹೋಗುತ್ತದೆ. ಒಂದು ಗುದ್ದಲಿ, ಅರ್ಧ ದಿನದ ಬೆವರು, ಅಷ್ಟೇ ಖರ್ಚು.

ನೀರು ನಿಲ್ಲಿಸಿದ ಮೇಲೆ ಕಾಯಬೇಕು. ಗೋಡೆಯ ದಪ್ಪದಲ್ಲಿ ಪ್ರತಿ 25 ಮಿ.ಮೀ. ಒಣಗಲು ಸುಮಾರು ಒಂದು ತಿಂಗಳು ಅನ್ನುವುದು ಕಟ್ಟಡ ಕೆಲಸದವರ ಹಳೇ ಲೆಕ್ಕ. ಅಷ್ಟು ಸಮಯ ಇಲ್ಲದಿದ್ದರೆ ಆ ಜಾಗ ಹಾಗೇ ಬಿಡಿ, ರಿಪೇರಿ ಮಾಡಿಸಿದ್ದೇವೆ, ಒಣಗುತ್ತಿದೆ ಅಂತ ಹೇಳಿ. ಮುಚ್ಚಿಡಬೇಡಿ. ಎಷ್ಟೋ ದೇಶಗಳಲ್ಲಿ ಗೊತ್ತಿದ್ದ ದೋಷ ಮುಚ್ಚಿಟ್ಟು ಮಾರಿದರೆ ಕಾನೂನಿನ ತೊಂದರೆ ಬರುತ್ತದೆ. ಅದು ಬಿಡಿ, ಮೇಲೆ ತಳುಕು ಒಳಗೆ ಹುಳುಕು ಅಂತ ಒಮ್ಮೆ ಗೊತ್ತಾದರೆ ಉಳಿದ ಒಳ್ಳೇ ಗೋಡೆಗಳನ್ನೂ ಯಾರೂ ನಂಬುವುದಿಲ್ಲ.

ಬಿರುಕಿಗೂ ಇದೇ ಮಾತು. ಕೂದಲೆಳೆಯಂಥ ಬಿರುಕು ಗಾರೆ ಒಣಗುವಾಗ ಬರುವಂಥದ್ದು. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವಿಂಗಡಣೆ ಪ್ರಕಾರ 1 ಮಿ.ಮೀ. ಒಳಗಿನದು ಬಣ್ಣ ಹೊಡೆಯುವಾಗಲೇ ಮುಚ್ಚುವಂಥದ್ದು, 5 ಮಿ.ಮೀ. ತನಕವೂ ಸಣ್ಣದೇ. ಅದಕ್ಕಿಂತ ಅಗಲ ಇದ್ದರೆ, ಇಲ್ಲಾ ಮೆಟ್ಟಿಲಿನ ಹಾಗೆ ಓರೆಯಾಗಿ ಹೋಗಿದ್ದರೆ, ಪುಟ್ಟಿ ಡಬ್ಬಿ ಕೆಳಗಿಟ್ಟು ಎಂಜಿನಿಯರ್‌ಗೆ ತೋರಿಸಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ. ಕೆಲವು ತಿಂಗಳಾದರೂ ಗೆರೆ ದಾಟದಿದ್ದರೆ, ಕೊಳ್ಳುವವರಿಗೆ ತೋರಿಸಲು ಅದೂ ಒಂದು ಸಮಾಧಾನ.

ಇನ್ನು ಸುಣ್ಣ ಬಣ್ಣ. ಬಣ್ಣದ ಕೆಲಸದಲ್ಲಿ ಬಣ್ಣ ಬರುವುದು ಕೊನೆಗೆ. ಮೊಳೆ ತೂತು ತುಂಬುವುದು, ಉಜ್ಜುವುದು, ಧೂಳು ಒರೆಸುವುದು, ಪ್ರೈಮರ್ ಹಾಕುವುದು ಇದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಇಡೀ ಮನೆಗೆ ಹೊಡೆಸುವ ಶಕ್ತಿ ಇಲ್ಲದಿದ್ದರೆ ಹಾಲ್ ಮತ್ತು ಒಳಗೆ ಬರುವ ದಾರಿ ಸಾಕು. ಆದರೆ ಕಲೆ ಇದ್ದ ಜಾಗಕ್ಕೆ ಮಾತ್ರ ತೇಪೆ ಹಚ್ಚಬೇಡಿ. ಅದೇ ಡಬ್ಬಿಯ ಬಣ್ಣ ಆದರೂ ಗೋಡೆಯದ್ದು ಇಷ್ಟು ವರ್ಷದಲ್ಲಿ ಮಾಸಿರುತ್ತದೆ. ತೇಪೆ ಎದ್ದು ಕಾಣುತ್ತದೆ, ಇಲ್ಲೇನೋ ಮುಚ್ಚಿದ್ದಾರೆ ಅಂತ ಬೆರಳು ತೋರಿಸುತ್ತದೆ. ಹೊಡೆದರೆ ಮೂಲೆಯಿಂದ ಮೂಲೆಗೆ ಇಡೀ ಗೋಡೆಗೆ ಹೊಡೆಯಿರಿ. ಹಳೇ ಗೋಡೆಯ ಉಬ್ಬುತಗ್ಗು ಕಾಣಬಾರದು ಅಂದರೆ ಹೊಳಪಿಲ್ಲದ ಮ್ಯಾಟ್ ಬಣ್ಣ ಒಳ್ಳೇದು. ಹೊಳಪು ಜಾಸ್ತಿ ಆದಷ್ಟೂ ಗೋಡೆಯ ದೋಷ ಜಾಸ್ತಿ ಕಾಣುತ್ತದೆ. ಬಣ್ಣದ ಕಂಪನಿಗಳು ಬೆಳಕನ್ನು ಎಷ್ಟು ವಾಪಸ್ ಕೊಡುತ್ತದೆ ಅಂತ ಪ್ರತಿ ಬಣ್ಣಕ್ಕೂ ಎಲ್‌ಆರ್‌ವಿ ಅನ್ನುವ ಒಂದು ಅಂಕಿ ಕೊಡುತ್ತವೆ. ಕಡುಗಪ್ಪು 0, ಅಚ್ಚಬಿಳಿ 100. ನಾನು 70ರ ಆಸುಪಾಸಿನ ತಿಳಿ ಬಣ್ಣ ಆರಿಸುತ್ತೇನೆ. ಕತ್ತಲೆ ಕೋಣೆಯೂ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಎಲ್ಲ ಮುಗಿಸುವುದು ಜನ ಬರುವ ಎರಡು ಮೂರು ವಾರ ಮೊದಲೇ. ಹಸಿ ಬಣ್ಣದ ವಾಸನೆ ಬಂದರೆ ಮೊದಲ ಪ್ರಶ್ನೆಯೇ "ಇಲ್ಲಿ ಏನಿತ್ತು?"

ಲೈಟು ಬಹಳ ಜನ ಮರೆಯುವ ವಿಷಯ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತದೆ. 2700ರಿಂದ 3000 ಅಂದರೆ ಸಂಜೆಯ ಹಳದಿ ಬೆಳಕು, 4000 ಮಧ್ಯಮ, 6500 ಅಂದರೆ ನೀಲಿ ಛಾಯೆಯ ಬಿಳಿ. ಒಂದೇ ಹಾಲಿನಲ್ಲಿ ಒಂದು ಬಲ್ಬು ಹಳದಿ, ಇನ್ನೊಂದು ನೀಲಿ ಇದ್ದರೆ ಹೊಸ ಗೋಡೆಯೂ ಕೊಳಕಾಗಿ ಕಾಣುತ್ತದೆ. ಒಂದು ಕೋಣೆಗೆ ಒಂದೇ ಸಂಖ್ಯೆ ಹಾಕಿ. 9 ವಾಟ್‌ನ ಎಲ್‌ಇಡಿ ಸುಮಾರು 800 ಲ್ಯೂಮೆನ್ ಕೊಡುತ್ತದೆ, ಹಳೇ 60 ವಾಟ್ ಬಲ್ಬಿನಷ್ಟು. ಹಾಂ, ಹೊಸ ಬಲ್ಬ್ ಹಾಕುವ ಮೊದಲು ಅದರ ಗಾಜಿನ ಮುಸುಕು ತೆಗೆದು ತೊಳೆಯಿರಿ. ಅದರೊಳಗೆ ಎಷ್ಟು ಹುಳು ಸತ್ತು ಬಿದ್ದಿದೆ ನೋಡಿದರೆ ನಿಮಗೇ ನಾಚಿಕೆ ಆಗುತ್ತದೆ. ನನಗಂತೂ ಆಗಿತ್ತು.

ಕರೆಂಟಿನಲ್ಲಿ ಒಡೆದ ಸ್ವಿಚ್ ಪ್ಲೇಟ್ ಬದಲಿಸಿಬಿಡಿ, ಮೇನ್ ಆರಿಸಿಕೊಂಡು. ಅದಕ್ಕಿಂತ ಒಳಗಿನ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ನಲ್ಲಿ ತೊಟ್ಟಿಕ್ಕುವುದನ್ನು ನಾವು ಕೇಳಿಸಿಕೊಳ್ಳುವುದನ್ನೇ ಬಿಟ್ಟಿರುತ್ತೇವೆ. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. ನಾಲ್ಕು ಹನಿಗೆ 1 ಮಿ.ಲೀ. ಅಂತ ಹಿಡಿದರೂ ದಿನಕ್ಕೆ 21 ಲೀಟರ್ ದಾಟುತ್ತದೆ. ಹಳೇ ಮಾದರಿ ನಲ್ಲಿ ಆದರೆ ಒಂದು ವಾಷರ್ ಸಾಕು. ಕಮೋಡಿನ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿದೆಯಾ ನೋಡಲು ಟ್ಯಾಂಕಿನ ನೀರಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಬೋಗುಣಿಯಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಮುಚ್ಚಳ ಹೋಗಿದೆ. ಸಿಂಕಿನ ಸುತ್ತ ಕಪ್ಪಾದ ಸಿಲಿಕೋನ್ ಮೇಲೆ ಹೊಸದನ್ನು ಎಳೆಯಬೇಡಿ, ಹಳೇ ಸಿಲಿಕೋನಿಗೆ ಹೊಸದು ಹಿಡಿಯುವುದಿಲ್ಲ. ಬ್ಲೇಡಿನಲ್ಲಿ ಪೂರ್ತಿ ಕೆರೆದು, ಒರೆಸಿ, ಒಣಗಿಸಿ, ಆಮೇಲೆ ಹಾಕಿ ಒಂದು ದಿನ ನೀರು ತಾಗಿಸಬೇಡಿ.

ನಲ್ಲಿಯ ಮೇಲಿನ ಬಿಳಿ ಕರೆ ಗಡಸು ನೀರಿನ ಸುಣ್ಣ. ವಿನೆಗರಿನಲ್ಲಿ ನೆನೆಸಿದ ಬಟ್ಟೆ ಅರ್ಧ ಗಂಟೆ ಸುತ್ತಿಟ್ಟರೆ ಬಿಡುತ್ತದೆ. ಆದರೆ ಅಮೃತಶಿಲೆಯ ಹತ್ತಿರ ಅದನ್ನು ತರಬೇಡಿ. ಅದೂ ಸುಣ್ಣದ ಜಾತಿಯ ಕಲ್ಲೇ, ಹೊಳಪು ತಿಂದುಹಾಕುತ್ತದೆ. ಇನ್ನೊಂದು ಮಾತು, ಇದು ತಮಾಷೆಯಲ್ಲ: ಬ್ಲೀಚನ್ನು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ.

ಅಡುಗೆಮನೆ ಒಡೆದು ಹೊಸದು ಮಾಡಿಸಲಾ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದು ಅಪರೂಪ. ನೀವು ಆರಿಸಿದ ಕಲ್ಲು, ಟೈಲ್ಸ್ ಅವರಿಗೆ ಹಿಡಿಸದಿದ್ದರೆ ಅವರು ಅದನ್ನು ಒಡೆದೇ ತೀರುತ್ತಾರೆ. ಕಪಾಟಿನ ಬಾಗಿಲಿನ ಜಿಡ್ಡು ತೆಗೆದು, ಹಿಡಿಕೆ ಮಾತ್ರ ಬದಲಿಸಿ. ಅಂಗಡಿಗೆ ಹೋಗುವ ಮೊದಲು ಎರಡು ಸ್ಕ್ರೂ ತೂತುಗಳ ನಡುವಿನ ಅಂತರ ಅಳೆದುಕೊಳ್ಳಿ, ನಡುವಿನಿಂದ ನಡುವಿಗೆ. ಸಾಮಾನ್ಯವಾಗಿ 96, 128 ಇಲ್ಲಾ 160 ಮಿ.ಮೀ. ಇರುತ್ತದೆ, ಎಲ್ಲ 32ರ ಮಗ್ಗಿಯಲ್ಲಿ ಬರುವ ಸಂಖ್ಯೆಗಳು. ನಾನು ಅಳೆಯದೆ, ಕಣ್ಣಂದಾಜಿನಲ್ಲಿ ಹದಿನಾಲ್ಕು ಹಿಡಿಕೆ ತಂದೆ. ಒಂದೂ ಕೂರಲಿಲ್ಲ. ಹಿಡಿಕೆಗೂ ನನಗೂ ಏನೋ ಋಣ ಇರಬೇಕು.

ಫೋಟೊ ತೆಗೆಯುವುದು ಎಲ್ಲ ಮುಗಿದ ಮೇಲೆ. ಹಗಲು ಹೊತ್ತು, ಪರದೆ ಸರಿಸಿ, ಕೋಣೆಯ ಮೂಲೆಯಲ್ಲಿ ನಿಂತು, ಎದೆ ಎತ್ತರದಲ್ಲಿ ಫೋನ್ ನೆಟ್ಟಗೆ ಹಿಡಿದು. ಕಮೋಡಿನ ಮುಚ್ಚಳ ಹಾಕಿರಲಿ.

ಆಮೇಲೆ ಬಂದ ಪ್ರಶ್ನೆಗಳು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಇದೆಲ್ಲ ಎರಡು ದಿನ ಉಳಿಯುತ್ತದಾ ಅಂತ ಒಬ್ಬರು ಕೇಳಿದರು. ಉಳಿಯುವುದಿಲ್ಲ. ಅದಕ್ಕೇ ಬಣ್ಣಕ್ಕಿಂತ ಸಾಮಾನು ಕಡಿಮೆ ಮಾಡುವುದು ನಿಮಗೆ ಮುಖ್ಯ. ಇನ್ನೊಂದು ಮನೆಗೆ ಹೋಗುವಾಗ ಹೇಗಿದ್ದರೂ ಕಟ್ಟಲೇಬೇಕಲ್ವಾ? ಅರ್ಧ ಈಗಲೇ ಕಟ್ಟಿ ಪೆಟ್ಟಿಗೆಗೆ ಹಾಕಿ. ಜನ ಬರುವ ಹೊತ್ತಿಗೆ ನೆಲದ ಮೇಲಿನದನ್ನೆಲ್ಲ ಬಾಚಿ ತುಂಬಲು ಒಂದು ದೊಡ್ಡ ಬುಟ್ಟಿ ಇಟ್ಟುಕೊಳ್ಳಿ.

ಒಳ್ಳೇ ಸುಗಂಧ ಸಿಂಪಡಿಸಿದರೆ ಹೇಗೆ ಅಂತ ಇನ್ನೊಬ್ಬರು. ಘಮ ಜಾಸ್ತಿ ಆದರೆ ಅದರ ಕೆಳಗೆ ಏನು ಮುಚ್ಚಿದ್ದಾರೆ ಅಂತ ಹುಡುಕುತ್ತಾರೆ. ಕಿಟಕಿ ತೆಗೆದಿಡಿ, ಸಾಕು.

ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಸೋರಿಕೆ ರಿಪೇರಿ ಆಗಿಹೋಗಿದೆ, ಈಗ ಗೊತ್ತೂ ಆಗುವುದಿಲ್ಲ. ಯಾಕೆ ಹೇಳಬೇಕು?" ಅಂದರು. ಅದಕ್ಕೆ ನಮ್ಮ ಮನೆಯದ್ದೇ ಉತ್ತರ ಕೊಟ್ಟೆ. ನಮ್ಮ ಮೇಲಿನ ರೂಮಿನ ಸೀಲಿಂಗಿನಲ್ಲಿ ಹಳೇ ಸೋರಿಕೆಯ ಒಂದು ಮಸುಕು ಕಲೆ ಇತ್ತು. ನಾನು ಒಂದು ಫೈಲ್ ಮಾಡಿಟ್ಟಿದ್ದೆ. ರಿಪೇರಿಯ ಬಿಲ್ಲು, ತಾರಸಿ ಒಡೆದಾಗಿನ ಫೋಟೊ, ಮುಚ್ಚಿದ ಮೇಲಿನ ಫೋಟೊ, ಎಲ್ಲಕ್ಕೂ ತಾರೀಖು. ಐದನೆಯವರಾಗಿ ಬಂದವರು ವಯಸ್ಸಾದವರು. ಕಲೆ ನೋಡಿದ ಕೂಡಲೇ ನಿಂತರು. ನಾನು ಫೈಲ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು, ಫೋಟೊ ನೋಡಿ ಕಲೆ ನೋಡಿದರು, ಮತ್ತೆ ಫೋಟೊ ನೋಡಿದರು. ಫೈಲ್ ಮಡಿಸಿ ವಾಪಸ್ ಕೊಟ್ಟು, ಕಿಟಕಿ ಹತ್ತಿರ ಹೋಗಿ ಕೇಳಿದರು: "ಇಲ್ಲಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ?"